ತಿರಫಳ, ತ್ರಿಫಳಾ, ಸನ್ಶೋ: ಕಸಿಯಾದ ಮಗುವಿನ ಹೊಟ್ಟೆ ಮತ್ತು ಔಷಧದ ಹೆಸರುಗಳು

ಯಕೃತ್ತಿನ ಕಸಿಗೆ ಒಳಗಾದ ಮಕ್ಕಳ ಹೊಟ್ಟೆಯುಬ್ಬರ, ಮಲಬದ್ಧತೆ ಮತ್ತು ಕರುಳಿನ ಜಡತೆಗೆ ಜಪಾನಿನ ಆಸ್ಪತ್ರೆಗಳಲ್ಲಿ ಆಧುನಿಕ ಔಷಧಗಳ ಜೊತೆಗೆ ‘ದೈಕೆಂಚೂತೋ’ ಎಂಬ ಮೂಲಿಕೆಯ ಪುಡಿಯನ್ನೂ ಕೊಡುವುದುಂಟು. ಅದರಲ್ಲಿರುವುದು ನಾಲ್ಕೇ ವಸ್ತು: ಹಬೆಯಲ್ಲಿ ಬೇಯಿಸಿ ಒಣಗಿಸಿದ ಶುಂಠಿ, ಜಿನ್ಸೆಂಗ್ ಬೇರು, ಸನ್ಶೋ ಎಂಬ ಕಾಯಿಯ ಸಿಪ್ಪೆ ಮತ್ತು ಧಾನ್ಯದ ಪಿಷ್ಟದಿಂದ ತಯಾರಿಸಿದ ಮಾಲ್ಟೋಸ್ ಸಕ್ಕರೆ. ಜಿನ್ಸೆಂಗ್ ಒಂದನ್ನು ಬಿಟ್ಟರೆ ಉಳಿದ ಮೂರಕ್ಕೂ ಪಶ್ಚಿಮ ಘಟ್ಟದ ಸೆರಗಿನ ಅಡುಗೆಮನೆಗಳಲ್ಲಿ ಸಮೀಪದ ಬಂಧುಗಳಿವೆ. ಶುಂಠಿ ಎಲ್ಲೆಡೆಯೂ ಇದೆ. ಮೊಳಕೆ ಕಟ್ಟಿದ ನಾಚಣಿ, ಅಂದರೆ ರಾಗಿಯ ಹಿಟ್ಟಿನಲ್ಲಿ ಪಿಷ್ಟವು ಭಾಗಶಃ ಮಾಲ್ಟೋಸ್ ಆಗಿ ಒಡೆದಿರುತ್ತದೆ. ಸನ್ಶೋವಿನ ಕುಲಕ್ಕೆ ಸೇರಿದ ಮರವೊಂದು ಸಹ್ಯಾದ್ರಿಯ ಕಾಡುಗಳಲ್ಲಿ ಬೆಳೆಯುತ್ತದೆ. ಅದರ ಕಾಯನ್ನು ಕನ್ನಡದಲ್ಲಿ ಜುಮ್ಮನಕಾಯಿ, ಮರಾಠಿಯಲ್ಲಿ ತಿರಫಳ, ಕೊಂಕಣಿಯಲ್ಲಿ ತೆಪ್ಪಳ ಎನ್ನುತ್ತಾರೆ.

ಈ ಹೋಲಿಕೆಯನ್ನು ಕಂಡವರಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಸಹಜ. ‘ನಮ್ಮಲ್ಲಿ ಇರುವುದನ್ನೇ ಜಪಾನಿನವರು ಪೊಟ್ಟಣ ಕಟ್ಟಿ ಮಾರುತ್ತಿದ್ದಾರೆ’ ಎಂಬುದು ಒಂದು. ‘ಅಜ್ಜಿಯ ಮದ್ದಿಗೂ ಅಂಗಾಂಗ ಕಸಿಗೂ ಏನು ಸಂಬಂಧ’ ಎಂಬುದು ಇನ್ನೊಂದು. ಎರಡೂ ಅವಸರದ ಮಾತುಗಳು. ಮೂಲಿಕೆಯ ಹೆಸರು ಒಂದು ಭಾಷೆಯಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ. ಅದರ ಗುಣದ ಬಗೆಗಿನ ಪುರಾವೆ ಹಾಗೆ ದಾಟುವುದಿಲ್ಲ, ಪ್ರತಿ ದಾಟಿನಲ್ಲೂ ಅದನ್ನು ಹೊಸದಾಗಿ ಗಳಿಸಬೇಕಾಗುತ್ತದೆ. ದೈಕೆಂಚೂತೋವಿನ ಚರಿತ್ರೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಎರಡು ಭಾಷೆಗಳಲ್ಲಿ ಮಗುವನ್ನು ಸಾಕುವ ನೇಸರಿ, ಗಡಹಿಂಗ್ಲಜದಂಥ ಸೀಮೆಗೆ ಈ ಚರಿತ್ರೆ ದೂರದ ಸಂಗತಿಯಲ್ಲ.

ಕಸಿಯ ನಂತರದ ಹೊಟ್ಟೆ

ಮಕ್ಕಳಲ್ಲಿ ಯಕೃತ್ತಿನ ಕಸಿಗೆ ಅತಿ ಸಾಮಾನ್ಯವಾದ ಕಾರಣ ಬಿಲಿಯರಿ ಅಟ್ರೀಸಿಯಾ. ಹುಟ್ಟಿದ ಕೆಲವು ವಾರಗಳಲ್ಲೇ ಪಿತ್ತನಾಳಗಳು ಮುಚ್ಚಿಹೋಗುವ ಕಾಯಿಲೆ ಇದು. ಜಪಾನಿನ ಶಸ್ತ್ರವೈದ್ಯ ಮೊರಿಯೋ ಕಸಾಯಿ 1950ರ ದಶಕದಲ್ಲಿ ಇದಕ್ಕೆ ಒಂದು ಶಸ್ತ್ರಕ್ರಿಯೆಯನ್ನು ರೂಪಿಸಿದರು: ಕರುಳಿನ ಒಂದು ತುಂಡನ್ನು ನೇರವಾಗಿ ಯಕೃತ್ತಿಗೆ ಜೋಡಿಸಿ ಪಿತ್ತಕ್ಕೆ ದಾರಿ ಮಾಡುವ ಕ್ರಮ. ಅದು ಸಾಲದೆ ಹೋದ ಮಕ್ಕಳಿಗೆ ಕಸಿಯೇ ಗತಿ. ಜಪಾನಿನಲ್ಲಿ ಬದುಕಿರುವ ದಾನಿಯಿಂದ ಯಕೃತ್ತಿನ ಭಾಗವನ್ನು ಪಡೆದು ಮಾಡಿದ ಮೊದಲ ಕಸಿ 1989ರಲ್ಲಿ ಶಿಮಾನೆಯಲ್ಲಿ ನಡೆಯಿತು. ತಂದೆಯ ಯಕೃತ್ತಿನ ಭಾಗವನ್ನು ಮಗುವಿಗೆ ಜೋಡಿಸಲಾಯಿತು. ಭಾರತದಲ್ಲಿ ಅಂಗಾಂಗ ಕಸಿಯ ಕಾಯಿದೆ ಬಂದದ್ದು 1994ರಲ್ಲಿ. ಮಗುವೊಂದರ ಯಕೃತ್ತಿನ ಕಸಿ ಮೊದಲ ಬಾರಿಗೆ ಯಶಸ್ವಿಯಾದದ್ದು 1998ರಲ್ಲಿ, ದೆಹಲಿಯಲ್ಲಿ.

ಹೊಸ ಯಕೃತ್ತು ಕೆಲಸ ಆರಂಭಿಸಿದ ಮೇಲೂ ಹೊಟ್ಟೆಯ ತೊಂದರೆಗಳು ಉಳಿಯುತ್ತವೆ. ಮೊದಲೇ ಒಮ್ಮೆ ಹೊಟ್ಟೆ ತೆರೆದ ಮಗುವಿನಲ್ಲಿ ಕರುಳಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುವುದು ಸಾಮಾನ್ಯ. ನೋವು ತಗ್ಗಿಸುವ ಪ್ರಬಲ ಔಷಧಗಳು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತವೆ. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಔಷಧಗಳಲ್ಲಿ ಕೆಲವು ತಾವೇ ಭೇದಿಗೆ ಕಾರಣವಾಗುತ್ತವೆ. ರೋಗನಿರೋಧಕ ಶಕ್ತಿ ತಗ್ಗಿದ ದೇಹದಲ್ಲಿ ವೈರಾಣುಗಳೂ ಕರುಳನ್ನು ಕಾಡುತ್ತವೆ. ತಾಯಿಯ ಕಣ್ಣಿಗೆ ಇವೆಲ್ಲವೂ ಒಂದೇ ರೂಪದಲ್ಲಿ ಕಾಣುತ್ತವೆ: ಮಗು ಉಣ್ಣುವುದಿಲ್ಲ, ಹೊಟ್ಟೆ ಬಿಗಿದುಕೊಂಡಿದೆ, ರಾತ್ರಿಯೆಲ್ಲ ಅಳುತ್ತದೆ.

ಇದನ್ನು ಬರಿಯ ಅಜೀರ್ಣವೆಂದು ಬಿಡುವಂತಿಲ್ಲ. ಕಸಿಯಾದ ಮಕ್ಕಳಲ್ಲಿ ಹೆಚ್ಚಿನವರು ನಿತ್ಯ ಸೇವಿಸುವ ಔಷಧ ಟ್ಯಾಕ್ರೋಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ ಇದು ದೊರೆಯಿತು. ಹೆಸರಿನ ಮೊದಲ ಅಕ್ಷರದಲ್ಲಿ ಆ ಊರೇ ಅಡಗಿದೆ. ಇದರ ಪ್ರಮಾಣ ರಕ್ತದಲ್ಲಿ ತುಸು ಇಳಿದರೆ ದೇಹ ಹೊಸ ಅಂಗವನ್ನು ತಿರಸ್ಕರಿಸಬಹುದು. ತುಸು ಏರಿದರೆ ಮೂತ್ರಪಿಂಡ ಮತ್ತು ನರಗಳಿಗೆ ಹಾನಿ. ಈ ಔಷಧವನ್ನು ಒಡೆಯುವ ಕಿಣ್ವಗಳು ಕರುಳಿನ ಗೋಡೆಯಲ್ಲೂ ಇವೆ. ಆದ್ದರಿಂದ ತೀವ್ರ ಭೇದಿಯಾದಾಗ ರಕ್ತದಲ್ಲಿ ಟ್ಯಾಕ್ರೋಲಿಮಸ್ ಇಳಿಯುವ ಬದಲು ಏರುವುದುಂಟು. ಕೆಲವು ಹಣ್ಣು ಮತ್ತು ಮೂಲಿಕೆಗಳೂ ಅದೇ ಕಿಣ್ವಗಳನ್ನು ತಡೆಯುತ್ತವೆ. ದ್ರಾಕ್ಷಿಹಣ್ಣಿನ ಹೆಸರು ಹೊತ್ತರೂ ನಿಂಬೆಯ ಕುಲದ್ದಾದ ಗ್ರೇಪ್‌ಫ್ರೂಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. ನಮ್ಮ ಚಕ್ಕೋತವೂ ಒಬ್ಬ ಮೂತ್ರಪಿಂಡ ಕಸಿ ರೋಗಿಯಲ್ಲಿ ಹೀಗೆ ವರ್ತಿಸಿದ್ದನ್ನು ಜಪಾನಿನ ವೈದ್ಯರು 2003ರಲ್ಲಿ ವರದಿ ಮಾಡಿದರು. ಹೀಗಾಗಿ ಕಸಿಯಾದ ಮಗುವಿನ ಬಾಯಿಗೆ ಹೋಗುವ ಪ್ರತಿಯೊಂದು ವಸ್ತುವಿನ ಹೆಸರೂ ವೈದ್ಯರಿಗೆ ಬೇಕಾದ ಮಾಹಿತಿ.

ಒಂದೇ ವೈದ್ಯ, ಎರಡು ಪದ್ಧತಿ

‘ಕಾಂಪೋ’ ಎಂದರೆ ಹಾನ್ ದೇಶದ, ಅಂದರೆ ಚೀನಾದ, ಕ್ರಮ ಎಂದು ಪದಾರ್ಥ. ಚೀನೀ ವೈದ್ಯಗ್ರಂಥಗಳಿಂದ ಬಂದ ವಿದ್ಯೆ ಜಪಾನಿನಲ್ಲಿ ಶತಮಾನಗಳ ಕಾಲ ಬೇರೆಯೇ ಹಾದಿ ಹಿಡಿದು ಬೆಳೆಯಿತು. ಮೇಜಿ ಕಾಲದ ಸರ್ಕಾರ 1874ರಿಂದ ವೈದ್ಯವೃತ್ತಿಯ ಪರವಾನಗಿಯನ್ನು ಪಾಶ್ಚಾತ್ಯ ವೈದ್ಯಕ್ಕೆ ಕಟ್ಟಿಹಾಕಿತು. ಕಾಂಪೋ ವೈದ್ಯರಿಗೆ ಪ್ರತ್ಯೇಕ ಪರವಾನಗಿ ಬೇಕೆಂಬ ಮಸೂದೆಯನ್ನು ಅಲ್ಲಿನ ಸಂಸತ್ತು 1895ರಲ್ಲಿ ತಿರಸ್ಕರಿಸಿತು. ಪದ್ಧತಿ ಅಳಿಯಲಿಲ್ಲವಾದರೂ ಪ್ರತ್ಯೇಕ ವೃತ್ತಿಯಾಗಿ ಉಳಿಯಲಿಲ್ಲ. 1967ರಲ್ಲಿ ಕೆಲವು ಕಾಂಪೋ ಸಾರಗಳು ರಾಷ್ಟ್ರೀಯ ಆರೋಗ್ಯ ವಿಮೆಯ ಪಟ್ಟಿಗೆ ಸೇರಿದವು. 1976ರಲ್ಲಿ ಪಟ್ಟಿ ದೊಡ್ಡದಾಯಿತು. ಈಗ ಅದರಲ್ಲಿ 148 ಯೋಗಗಳಿವೆ. 2001ರಲ್ಲಿ ಕಾಂಪೋ ವೈದ್ಯಕೀಯ ಶಿಕ್ಷಣದ ಮೂಲ ಪಠ್ಯಕ್ರಮದ ಭಾಗವಾಯಿತು.

ಇದರ ಪರಿಣಾಮ ಆಸ್ಪತ್ರೆಯ ಹಾಸಿಗೆಯ ಬಳಿ ಕಾಣುತ್ತದೆ. ಟ್ಯಾಕ್ರೋಲಿಮಸ್ ಬರೆಯುವ ವೈದ್ಯರೇ ದೈಕೆಂಚೂತೋವನ್ನೂ ಬರೆಯುತ್ತಾರೆ. ಎರಡೂ ಒಂದೇ ಚೀಟಿಯಲ್ಲಿ, ಒಂದೇ ಕಡತದಲ್ಲಿ ಇರುತ್ತವೆ. ರಕ್ತದ ವರದಿ ಏರುಪೇರಾದರೆ ಯಾವುದನ್ನು ಅನುಮಾನಿಸಬೇಕೆಂಬುದು ಬರಹದಲ್ಲೇ ಇರುತ್ತದೆ. ಭಾರತದಲ್ಲಿ ಆಯುರ್ವೇದಕ್ಕೆ ತನ್ನದೇ ಕಾಲೇಜು, ಪದವಿ, ನೋಂದಣಿಗಳಿವೆ; 2014ರಿಂದ ಆಯುಷ್‌ಗೆ ಪ್ರತ್ಯೇಕ ಸಚಿವಾಲಯವೂ ಇದೆ. ಒಂದು ಸಂಪ್ರದಾಯದ ಸ್ವಾಯತ್ತತೆಯ ದೃಷ್ಟಿಯಿಂದ ಇದು ಜಪಾನಿಗಿಂತ ಉದಾರವಾದ ವ್ಯವಸ್ಥೆ. ಆದರೆ ರೋಗಿ ಎರಡು ಬಾಗಿಲುಗಳ ನಡುವೆ ಓಡಾಡುವಾಗ ಒಂದು ಬಾಗಿಲಲ್ಲಿ ಕೊಟ್ಟದ್ದು ಇನ್ನೊಂದರಲ್ಲಿ ತಿಳಿಯುವ ಖಾತರಿ ಇಲ್ಲ. ಮನೆಮದ್ದಂತೂ ಎರಡು ಬಾಗಿಲುಗಳ ಹೊರಗೇ ಇದೆ.

ಗ್ರಂಥದಿಂದ ಪೊಟ್ಟಣಕ್ಕೆ

ದೈಕೆಂಚೂತೋ ಎಂದರೆ ‘ಮಧ್ಯವನ್ನು ಕಟ್ಟುವ ಹಿರಿಯ ಕಷಾಯ’. ಮಧ್ಯ ಎಂದರೆ ಜಠರ, ಕರುಳುಗಳ ನೆಲೆ. ಮಕ್ಕಳ ಹೊಟ್ಟೆನೋವಿಗೆ ಸಂಪ್ರದಾಯ ಹೆಚ್ಚಾಗಿ ಬಳಸಿದ್ದು ಇದರ ಕಿರಿಯ ಬಂಧು ಶೋಕೆಂಚೂತೋವನ್ನು. ಎರಡೂ ಯೋಗಗಳ ಮೂಲ ಹಾನ್ ಕಾಲದ ವೈದ್ಯ ಝಾಂಗ್ ಝೋಂಗ್‌ಜಿಂಗ್‌ಗೆ ಸೇರಿದ ಬರಹಗಳಲ್ಲಿದೆ. ದೈಕೆಂಚೂತೋ ಬರುವುದು ‘ಜಿನ್ ಗುಯ್ ಯಾವ್ ಲ್ಯುಎ’ ಎಂಬ ಗ್ರಂಥದಲ್ಲಿ. ಅಲ್ಲಿ ರೋಗಿಯ ವರ್ಣನೆ ಹೀಗಿದೆ: ಹೊಟ್ಟೆಯಲ್ಲಿ ಶೀತ, ವಾಂತಿ, ಊಟ ಸೇರದಿರುವುದು, ಮುಟ್ಟಲಾಗದ ನೋವು, ಮತ್ತು ಹೊಟ್ಟೆಯ ಚರ್ಮದ ಕೆಳಗೆ ತಲೆಕಾಲುಗಳುಳ್ಳ ಏನೋ ಎದ್ದು ಸರಿದಾಡುವಂತಹ ನೋಟ. ಇಂದಿನ ಶಸ್ತ್ರವೈದ್ಯರು ಇದರಲ್ಲಿ ಅಡಚಣೆಯಾದ ಕರುಳಿನ, ಹೊರಗಿನಿಂದಲೇ ಕಾಣುವ ಅಲೆಯನ್ನು ಗುರುತಿಸುತ್ತಾರೆ. ಸುಮಾರು 1800 ವರ್ಷಗಳ ಹಿಂದಿನ ರೂಪಕವೊಂದು ರೋಗಲಕ್ಷಣದ ದಾಖಲೆಯಾಗಿ ಓದಿಸಿಕೊಂಡದ್ದರಿಂದಲೇ ಈ ಯೋಗ ಶಸ್ತ್ರಕ್ರಿಯೆಯ ನಂತರದ ಕರುಳಿನ ಜಡತೆಗೆ ಬಳಕೆಗೆ ಬಂದಿತು.

ಈ ಪಯಣದಲ್ಲಿ ಎರಡು ಅನುವಾದಗಳು ನಡೆದಿವೆ. ಚೀನೀ ಮೂಲದಲ್ಲಿರುವುದು ಸಿಚುವಾನ್ ಕಾಯಿ. ಜಪಾನ್ ಅದರ ಸ್ಥಾನದಲ್ಲಿ ತನ್ನ ನೆಲದ ಸನ್ಶೋವನ್ನು ಇರಿಸಿತು. ಕುಲ ಒಂದೇ, ಜಾತಿ ಬೇರೆ. ಎರಡನೆಯದು ಶುಂಠಿಗೆ ಸಂಬಂಧಿಸಿದ್ದು. ‘ಹಸಿ ಶುಂಠಿ’ ಎಂಬ ಅರ್ಥ ಕೊಡುವ ಅದೇ ಎರಡು ಲಿಪಿಚಿಹ್ನೆಗಳು ಚೀನೀ ಔಷಧಪಟ್ಟಿಯಲ್ಲಿ ನಿಜವಾಗಿ ಹಸಿ ಶುಂಠಿಯನ್ನೇ ಹೇಳಿದರೆ, ಜಪಾನಿನ ಅಧಿಕೃತ ಔಷಧಕೋಶದಲ್ಲಿ ಒಣಗಿಸಿದ ಶುಂಠಿಯನ್ನು ಹೇಳುತ್ತವೆ. ಚೀನಾದಲ್ಲಿ ‘ಒಣ ಶುಂಠಿ’ ಎಂದು ಓದುವ ಪದ ಜಪಾನಿನಲ್ಲಿ ಹಬೆಯಲ್ಲಿ ಬೇಯಿಸಿ ಒಣಗಿಸಿದ್ದಕ್ಕೆ ಮೀಸಲು. ದೈಕೆಂಚೂತೋದಲ್ಲಿರುವುದು ಈ ಕೊನೆಯದು. ಬೇಯಿಸಿ ಒಣಗಿಸುವಾಗ ಹಸಿ ಶುಂಠಿಯ ಜಿಂಜರಾಲ್ ಎಂಬ ಖಾರದ ಅಂಶ ಭಾಗಶಃ ಶೋಗಾಲ್ ಎಂಬ ಬೇರೊಂದು ಅಂಶವಾಗಿ ಮಾರ್ಪಡುತ್ತದೆ. ಲಿಪಿ ಒಂದೇ ಆದರೂ ವಸ್ತು ಬೇರೆ, ರಸಾಯನವೂ ಬೇರೆ.

ಈ ಗೊಂದಲವನ್ನು ಜಪಾನ್ ಬಗೆಹರಿಸಿದ್ದು ವಸ್ತುವನ್ನು ಅಳತೆಗೆ ಕಟ್ಟುವ ಮೂಲಕ. ಇಂದು ಹೆಚ್ಚು ಬಳಕೆಯಲ್ಲಿರುವ ತ್ಸುಮುರಾ ಕಂಪನಿಯ ಪುಡಿಯಲ್ಲಿ ವಯಸ್ಕರ ದಿನದ ಪ್ರಮಾಣ 15 ಗ್ರಾಂ. ಅದರಲ್ಲಿ 10 ಗ್ರಾಂ ಮಾಲ್ಟೋಸ್ ಪುಡಿ, 1.25 ಗ್ರಾಂ ಒಣ ಸಾರ. ಆ ಸಾರವನ್ನು ತೆಗೆಯುವುದು 5 ಗ್ರಾಂ ಬೇಯಿಸಿ ಒಣಗಿಸಿದ ಶುಂಠಿ, 3 ಗ್ರಾಂ ಜಿನ್ಸೆಂಗ್ ಮತ್ತು 2 ಗ್ರಾಂ ಸನ್ಶೋ ಸಿಪ್ಪೆಯಿಂದ. ಪ್ರತಿ ಪೊಟ್ಟಣಕ್ಕೂ ತಯಾರಿಕೆಯ ಸಂಖ್ಯೆ ಇದೆ. ಅನೇಕ ಕಾಂಪೋ ಯೋಗಗಳಲ್ಲಿರುವ ಜ್ಯೇಷ್ಠಮಧು ಇದರಲ್ಲಿಲ್ಲ. ಜ್ಯೇಷ್ಠಮಧು ದೇಹದಲ್ಲಿ ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡ ಏರಿಸಬಲ್ಲದು. ಕಸಿಯಾದ ರೋಗಿಯ ಮಟ್ಟಿಗೆ ಅದು ಇಲ್ಲದಿರುವುದು ಸಣ್ಣ ಅನುಕೂಲವಲ್ಲ.

ಪುರಾವೆಯ ಅಳತೆ

ಈ ಪುಡಿ ಕರುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಪ್ರಯೋಗಶಾಲೆಯ ತಿಳಿವಳಿಕೆ ಸಾಕಷ್ಟು ಬೆಳೆದಿದೆ. ಸನ್ಶೋವಿನ ಮುಖ್ಯ ಅಂಶ ಹೈಡ್ರಾಕ್ಸಿ ಆಲ್ಫಾ ಸನ್ಶೂಲ್. ಅದು ನರತುದಿಗಳ ಕೆಲವು ಅಯಾನು ದ್ವಾರಗಳನ್ನು ಪ್ರಚೋದಿಸಿ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ. ಶುಂಠಿಯ ಶೋಗಾಲ್ ಇದಕ್ಕೆ ಜೊತೆಗೂಡುತ್ತದೆ. ಕರುಳಿನ ರಕ್ತನಾಳಗಳನ್ನು ಹಿಗ್ಗಿಸುವ ಅಡ್ರಿನೋಮೆಡುಲಿನ್ ಎಂಬ ಪೆಪ್ಟೈಡ್ ಕೂಡ ಇದರಿಂದ ಹೆಚ್ಚುತ್ತದೆ ಎಂದು ಪ್ರಾಣಿಪ್ರಯೋಗಗಳು ತೋರಿಸಿವೆ. ಕರುಳಿಗೆ ಹೋದ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ಯಕೃತ್ತಿಗೇ ಬರುವುದರಿಂದ ಕಸಿ ವೈದ್ಯರಿಗೆ ಇದರಲ್ಲಿ ವಿಶೇಷ ಆಸಕ್ತಿ.

ರೋಗಿಗಳ ಮೇಲಿನ ಪುರಾವೆ ಇದಕ್ಕಿಂತ ಮಿತವಾದದ್ದು. ಜಪಾನಿನ 14 ಕೇಂದ್ರಗಳಲ್ಲಿ ಯಕೃತ್ತಿನ ಕಸಿಯಾದ 112 ವಯಸ್ಕರನ್ನು ಸೇರಿಸಿಕೊಂಡು, ಕೆಲವರಿಗೆ ದೈಕೆಂಚೂತೋ, ಉಳಿದವರಿಗೆ ಅದೇ ರೂಪದ ನಿಷ್ಕ್ರಿಯ ಪುಡಿ ಕೊಟ್ಟು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಏಳನೆಯ ದಿನದ ಆಹಾರ ಪ್ರಮಾಣ, ಹೊಟ್ಟೆಯುಬ್ಬರ ಮತ್ತು ನೋವು ಅದರ ಮುಖ್ಯ ಅಳತೆಗಳು. ಅವುಗಳಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ದಿನಗಳು ಕಳೆದಂತೆ ಆಹಾರ ಸೇವನೆ ಏರುವ ವೇಗ ಮತ್ತು ಪೋರ್ಟಲ್ ರಕ್ತದ ಹರಿವು ಔಷಧ ಪಡೆದ ಗುಂಪಿನಲ್ಲಿ ಹೆಚ್ಚಾಗಿದ್ದವು. ಆಶೆ ಹುಟ್ಟಿಸುವ, ಆದರೆ ಜಯಘೋಷಕ್ಕೆ ಎಡೆಗೊಡದ ಫಲಿತಾಂಶ. ಮಕ್ಕಳ ವಿಚಾರದಲ್ಲಿ ತೀವ್ರ ಮಲಬದ್ಧತೆಗೆ ಈ ಯೋಗದಿಂದ ಆದ ಉಪಯೋಗವನ್ನು ಕ್ಯೋತೋದ ಶಿಶು ಶಸ್ತ್ರವೈದ್ಯರು 2007ರಲ್ಲಿ ವರದಿ ಮಾಡಿದ್ದಾರೆ. ವಯಸ್ಕರ ಫಲಿತಾಂಶವನ್ನು ಮಗುವಿಗೆ, ಮಲಬದ್ಧತೆಯ ಫಲಿತಾಂಶವನ್ನು ಕಸಿಗೆ ನೇರವಾಗಿ ಹೊಂದಿಸಲು ಬರುವುದಿಲ್ಲ. ಜಪಾನಿನ ವೈದ್ಯರು ಕಸಿಯಾದ ಮಗುವಿಗೆ ಇದನ್ನು ಕೊಡುವಾಗ ತೂಕಕ್ಕೆ ತಕ್ಕಂತೆ ಪ್ರಮಾಣ ಇಳಿಸಿ, ರಕ್ತಪರೀಕ್ಷೆಯ ಕಾವಲಿನಲ್ಲಿ ಕೊಡುತ್ತಾರೆ. ಇದರ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಯಕೃತ್ತಿನ ತೊಂದರೆಯೂ ಇದೆ.

ಈ ಕಾವಲಿನ ಪಾಠವನ್ನು ಜಪಾನ್ ಕಷ್ಟಪಟ್ಟು ಕಲಿತಿದೆ. ಶೋಸೈಕೋತೋ ಎಂಬ ಇನ್ನೊಂದು ಕಾಂಪೋ ಯೋಗವನ್ನು ದೀರ್ಘಕಾಲದ ಯಕೃತ್ತಿನ ಉರಿಯೂತಕ್ಕೆ ಅಲ್ಲಿ ವ್ಯಾಪಕವಾಗಿ ಬಳಸಲಾಗುತ್ತಿತ್ತು. ಅದನ್ನು ಸೇವಿಸಿದವರಲ್ಲಿ ಶ್ವಾಸಕೋಶದ ತೀವ್ರ ಉರಿಯೂತದ 88 ಪ್ರಕರಣಗಳೂ ಅವುಗಳಲ್ಲಿ 10 ಸಾವುಗಳೂ ವರದಿಯಾದ ಮೇಲೆ ಅಲ್ಲಿನ ಆರೋಗ್ಯ ಇಲಾಖೆ 1996ರ ಮಾರ್ಚ್‌ನಲ್ಲಿ ತುರ್ತು ಎಚ್ಚರಿಕೆ ಹೊರಡಿಸಿತು. ಪೊಟ್ಟಣದ ಮೇಲೆ ನಿಖರವಾದ ಹೆಸರೂ ಪ್ರಮಾಣವೂ ಇದ್ದುದರಿಂದ ಈ ಎಣಿಕೆ ಸಾಧ್ಯವಾಯಿತು. ಭಾರತದಲ್ಲಿ 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ರೋಗಿಗಳ ಯಕೃತ್ತಿಗೆ ಹಾನಿಯಾದುದನ್ನು ಪ್ರಕಟಿಸಿದಾಗ ಆಯುಷ್ ಸಚಿವಾಲಯ ಆಕ್ಷೇಪಿಸಿತು. ರೋಗಿಗಳು ಸೇವಿಸಿದ್ದು ನಿಜವಾಗಿ ಅಮೃತಬಳ್ಳಿಯೋ, ಅದನ್ನೇ ಹೋಲುವ ಬೇರೆ ಬಳ್ಳಿಯೋ ಎಂಬುದು ವಿವಾದದ ಒಂದು ಮುಖ್ಯ ಎಳೆ. ಔಷಧದ ಗುಣದೋಷದ ಚರ್ಚೆ ಹೆಸರಿನ ಚರ್ಚೆಯಲ್ಲಿ ಸಿಕ್ಕಿಕೊಂಡಿತು.

ಜುಮ್ಮೆನ್ನುವ ಕಾಯಿ

ಹೆಸರಿನ ಈ ಪ್ರಶ್ನೆ ಗಡಿನಾಡಿನಲ್ಲಿ ಎಷ್ಟು ಜಟಿಲ ಎಂಬುದಕ್ಕೆ ತಿರಫಳವೇ ಸಾಕ್ಷಿ. ನೇಸರಿ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನ ಊರು. 1674ರಲ್ಲಿ ಶಿವಾಜಿಯ ಸೇನಾಪತಿ ಪ್ರತಾಪರಾವ ಗುಜರ್ ಮಡಿದ ಖಿಂಡಿಯಿಂದಾಗಿ ಮರಾಠಿ ಇತಿಹಾಸದಲ್ಲಿ ಅದರ ಹೆಸರು ನೆಲೆಸಿದೆ. ಪೂರ್ವಕ್ಕೆ ಕನ್ನಡದ ಬೆಳಗಾವಿ ಸೀಮೆ, ಪಶ್ಚಿಮಕ್ಕೆ ಆಜರಾ, ಆಂಬೋಲಿ ದಾಟಿದರೆ ಕೊಂಕಣ. ಗಡಹಿಂಗ್ಲಜ ಸೀಮೆಯಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಮರಾಠಿಯಲ್ಲಿ ಶಾಲೆ, ಕಚೇರಿ, ಸಂತೆಗಳನ್ನು ನಡೆಸುತ್ತವೆ. ಮೂರು ಭಾಷೆಗಳ ವಸ್ತುಗಳೂ ಹೆಸರುಗಳೂ ಇಲ್ಲಿ ಸೇರುತ್ತವೆ.

ಸಸ್ಯಶಾಸ್ತ್ರದಲ್ಲಿ ಜ್ಯಾಂಥಾಕ್ಸೈಲಂ ರೆಟ್ಸಾ ಎಂದು ಕರೆಯುವ ಈ ಮುಳ್ಳುಮರದ ಕಾಯಿ ಕೊಂಕಣಿ ಅಡುಗೆಯಲ್ಲಿ ಬಂಗಡೆ ಮೀನಿನ ಸಾರಿಗೆ ಬೀಳುತ್ತದೆ. ಸನ್ಶೋವಿನಂತೆಯೇ ಇದರಲ್ಲೂ ಕಪ್ಪು ಬೀಜವನ್ನು ತೆಗೆದು ಸಿಪ್ಪೆಯನ್ನಷ್ಟೇ ಬಳಸುತ್ತಾರೆ. ಕನ್ನಡದ ಹೆಸರು ಕಾಯಿಯ ಆಕಾರವನ್ನು ಹೇಳದೆ ನಾಲಿಗೆಯ ಅನುಭವವನ್ನು ಹೇಳುತ್ತದೆ. ಕಾಲು ಜುಮ್ಮೆನ್ನುವಾಗ ಬಳಸುವ ಅನುಕರಣ ಪದವೇ ಇಲ್ಲಿ ನಾಮಪದದೊಳಗೆ ಕುಳಿತಿದೆ. ಚೀನೀ ಭಾಷೆ ಇದೇ ಅನುಭವಕ್ಕೆ ಖಾರದಿಂದ ಬೇರ್ಪಡಿಸಿದ, ಮರಗಟ್ಟುವಿಕೆಯ ಅರ್ಥದ ‘ಮಾ’ ಎಂಬ ಪದವನ್ನು ಮೀಸಲಿಟ್ಟಿದೆ. ಜಪಾನಿನ ಗಾದೆಯೊಂದು ಸನ್ಶೋ ಕಾಳು ಚಿಕ್ಕದಾದರೂ ಚುರುಕು ಎನ್ನುತ್ತದೆ. ಲಂಡನ್ನಿನ ಸಂಶೋಧಕರು 2013ರಲ್ಲಿ ಸಿಚುವಾನ್ ಕಾಯನ್ನು ತುಟಿಗೆ ಹಚ್ಚಿ ಅಳೆದಾಗ ಆ ಅನುಭವ ಸೆಕೆಂಡಿಗೆ ಸುಮಾರು 50 ಕಂಪನಗಳ ಸ್ಪರ್ಶಕ್ಕೆ ಸಮನಾಗಿತ್ತು. ಖಾರಕ್ಕಿಂತ ಇದು ಬೇರೆ ಸಂವೇದನೆ ಎಂಬುದನ್ನು ಕನ್ನಡದ ಅನುಕರಣ ಪದ ಮೊದಲೇ ಗುರುತಿಸಿತ್ತು. ರಸಾಯನಶಾಸ್ತ್ರ ಆ ಅಂಶಕ್ಕೆ ಸನ್ಶೂಲ್ ಎಂದು ಹೆಸರಿಟ್ಟದ್ದು ಜಪಾನೀ ಪದದಿಂದ. ಶೋಗಾಲ್ ಕೂಡ ಶುಂಠಿಯ ಜಪಾನೀ ಹೆಸರಾದ ‘ಶೋಗಾ’ದಿಂದ ಬಂದದ್ದು. ಮೊದಲು ಪರೀಕ್ಷಿಸಿದವರ ಭಾಷೆ ವಿಜ್ಞಾನದ ಹೆಸರಾಗಿ ಉಳಿಯಿತು.

ಹಾಗೆಂದು ಜುಮ್ಮನಕಾಯಿ ಸನ್ಶೋವಿನ ಬದಲಿ ಎನ್ನಲಾಗದು. ಒಂದೇ ಕುಲದ ಜಾತಿಗಳಲ್ಲಿ ಇಂಥ ಅಂಶಗಳ ಬಗೆಯೂ ಪ್ರಮಾಣವೂ ಬೇರೆಬೇರೆ. ಜಪಾನ್ ಸಿಚುವಾನ್ ಕಾಯಿಗೆ ಬದಲಾಗಿ ಸನ್ಶೋವನ್ನು ತಂದಾಗ ಅದರ ಹಿಂದೆ ಶತಮಾನಗಳ ಬಳಕೆಯೂ ಆಮೇಲೆ ಅಳತೆ, ಪರೀಕ್ಷೆಗಳ ದುಡಿಮೆಯೂ ಸೇರಿದವು. ಜುಮ್ಮನಕಾಯಿಯ ಪರವಾಗಿ ಆ ದುಡಿಮೆ ನಡೆಯುವವರೆಗೆ ಅದು ಮೀನಿನ ಸಾರಿನ ಸಂಬಾರ ಪದಾರ್ಥ. ಕಸಿಯಾದ ಮಗುವಿನ ಔಷಧವಲ್ಲ.

ಇನ್ನೊಂದು ಅಪಾಯ ಕಿವಿಯದು. ತಿರಫಳಕ್ಕೂ ತ್ರಿಫಳಾಕ್ಕೂ ನಡುವೆ ಒಂದೆರಡು ಸ್ವರಗಳ ಅಂತರ. ಮೊದಲನೆಯದು ಒಂದು ಮರದ ಕಾಯಿ. ಎರಡನೆಯದು ಅಳಲೆ, ತಾರೆ, ನೆಲ್ಲಿಗಳ ಚೂರ್ಣ, ಮಲಶೋಧನೆಗೆ ಹೆಸರಾದದ್ದು. ಕರುಳು ಅಡಚಿದ ಮಗುವಿಗಾಗಲಿ ಭೇದಿಯಿಂದ ಬಳಲಿದ ಮಗುವಿಗಾಗಲಿ ಎರಡನೆಯದನ್ನು ಕೊಟ್ಟರೆ ಆಗುವ ಪರಿಣಾಮ ಮೊದಲನೆಯದಕ್ಕಿಂತ ತೀರ ಬೇರೆ. ಶುಂಠಿಯ ಕಥೆಯೂ ಹೀಗೆಯೇ. ಉತ್ತರದ ಕನ್ನಡದಲ್ಲಿ ಹಸಿಯದು ‘ಅಲ್ಲ’, ಒಣಗಿದ್ದು ‘ಶುಂಠಿ’. ಮರಾಠಿಯ ‘ಆಲೆ’, ‘ಸುಂಠ’ಗಳಿಗೆ ಇದು ಸರಿಯಾಗಿ ಹೊಂದುತ್ತದೆ. ದಕ್ಷಿಣದ ಕನ್ನಡದಲ್ಲಿ ‘ಶುಂಠಿ’ ಎರಡಕ್ಕೂ ಸಲ್ಲುತ್ತದೆ. ನೇಸರಿಯ ತಾಯಿ ಬೆಂಗಳೂರಿನ ಆಸ್ಪತ್ರೆಯಲ್ಲಿ ‘ಶುಂಠಿ ಕೊಟ್ಟೆ’ ಎಂದರೆ ಕೇಳಿದವರು ಹಸಿ ಶುಂಠಿಯ ರಸವೆಂದು ಬರೆದುಕೊಳ್ಳಬಹುದು. ಚೀನಾ, ಜಪಾನುಗಳ ನಡುವೆ ಒಂದೇ ಲಿಪಿಯಿಂದ ಆದ ಗೊಂದಲ ಇಲ್ಲಿ ಒಂದೇ ಭಾಷೆಯೊಳಗೆ ಆಗುತ್ತದೆ.

ಸಾಣೆಕಲ್ಲಿನ ಲೆಕ್ಕ

ಈ ಸೀಮೆಯ ಶಿಶುಪಾಲನೆಯಲ್ಲಿ ಬಾಳಗುಟಿಗೆ ಗಟ್ಟಿಯಾದ ಸ್ಥಾನವಿದೆ. ಬಜೆ, ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿ, ಒಣ ಶುಂಠಿ, ಅರಿಶಿನದ ಕೊಂಬು, ಜ್ಯೇಷ್ಠಮಧು, ಮುರುಡಶೇಂಗ ಮೊದಲಾದವನ್ನು ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲೋ ನೀರಿನಲ್ಲೋ ತೇದು ಮಗುವಿಗೆ ನೆಕ್ಕಿಸುತ್ತಾರೆ. ಮರಾಠಿಯ ಮುರುಡಶೇಂಗ ಕನ್ನಡದ ಎಡಮುರಿ. ಎರಡು ಹೆಸರೂ ತಿರುಚಿಕೊಂಡ ಕಾಯಿಯ ರೂಪವನ್ನು ಹೇಳುತ್ತವೆ, ಬಳಕೆಯಾಗುವುದು ಹೊಟ್ಟೆ ತಿರುಚುವ ನೋವಿಗೆ. ಪ್ರಮಾಣದ ಲೆಕ್ಕ ಕಲ್ಲಿನ ಮೇಲಿನ ಸುತ್ತುಗಳಲ್ಲಿ: ಕನ್ನಡದಲ್ಲಿ ಒಂದು ಸುತ್ತು, ಎರಡು ಸುತ್ತು, ಮರಾಠಿಯಲ್ಲಿ ವೇಢೆ. ಮಗುವಿನ ವಯಸ್ಸಿನೊಂದಿಗೆ ಸುತ್ತು ಹೆಚ್ಚುತ್ತದೆ. ಇದನ್ನು ಅಳತೆಯಿಲ್ಲದ ಪದ್ಧತಿ ಎನ್ನುವುದು ತಪ್ಪು. ಅಳತೆ ಇದೆ, ಅದು ತೇಯುವ ಕೈಯ ಒತ್ತಡ, ಕಲ್ಲಿನ ಒರಟು, ಬೇರಿನ ಹಳತನವನ್ನು ನಂಬಿ ನಿಂತಿದೆ. ಅದೇ ಕೈ, ಅದೇ ಕಲ್ಲು ಇರುವವರೆಗೆ ಅದಕ್ಕೊಂದು ಸ್ಥಿರತೆ ಇರುತ್ತದೆ. ಇನ್ನೊಬ್ಬರಿಗೆ ವರದಿ ಮಾಡಬೇಕಾದಾಗ ಆ ಸ್ಥಿರತೆ ಜೊತೆಗೆ ಬರುವುದಿಲ್ಲ.

ಆರೋಗ್ಯವಂತ ಮಗುವಿನಲ್ಲಿ ಅನೇಕ ವೇಳೆ ಏನೂ ಆಗದೆ ಮುಗಿಯುವ ಈ ರೂಢಿ ಕಸಿಯಾದ ಮಗುವಿನಲ್ಲಿ ಬೇರೆ ಅರ್ಥ ಪಡೆಯುತ್ತದೆ. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶದ ಕಾರಣದಿಂದ ಅಮೆರಿಕ 1968ರಲ್ಲಿಯೇ ಅದನ್ನು ಆಹಾರದಲ್ಲಿ ನಿಷೇಧಿಸಿತು. ಜ್ಯೇಷ್ಠಮಧುವಿನ ಪೊಟ್ಯಾಸಿಯಂ ದೋಷವನ್ನು ಮೇಲೆ ಹೇಳಿದೆ. ಜೇನುತುಪ್ಪ ಬೆರೆಸಿದರೆ ಒಂದು ವರ್ಷದೊಳಗಿನ ಯಾವ ಶಿಶುವಿಗೂ ಬಾಟ್ಯುಲಿಸಂ ಎಂಬ ಅಪಾಯವಿದೆ. ಚೆನ್ನಾಗಿ ತೊಳೆಯದ ಕಲ್ಲು, ಹಳೆಯ ಬೇರುಗಳಲ್ಲಿನ ಬೂಷ್ಟು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿಕೊಂಡ ದೇಹಕ್ಕೆ ಸೋಂಕಿನ ದಾರಿ. ಎಲ್ಲಕ್ಕಿಂತ ಹೆಚ್ಚಾಗಿ, ಹೊಟ್ಟೆನೋವನ್ನು ಮನೆಯಲ್ಲೇ ಶಮನಗೊಳಿಸುವ ಯತ್ನದಲ್ಲಿ ಕರುಳಿನ ಅಡಚಣೆ ಅಥವಾ ವೈರಾಣುವಿನ ಸೋಂಕು ಪತ್ತೆಯಾಗುವುದು ತಡವಾಗಬಹುದು.

ಕೇಳಬೇಕಾದ ಪ್ರಶ್ನೆ

ಆಸ್ಪತ್ರೆಯಲ್ಲಿ ವೈದ್ಯರು ‘ಬೇರೆ ಏನಾದರೂ ಔಷಧ ಕೊಡುತ್ತಿದ್ದೀರಾ?’ ಎಂದು ಕೇಳುತ್ತಾರೆ. ‘ಇಲ್ಲ’ ಎಂಬ ಉತ್ತರ ಬರುತ್ತದೆ. ಉತ್ತರದಲ್ಲಿ ಸುಳ್ಳಿಲ್ಲ. ಔಷಧವೆಂದರೆ ಅಂಗಡಿಯಿಂದ ತಂದದ್ದು, ಡಾಕ್ಟರು ಬರೆದದ್ದು. ಗುಟಿ ಮಗುವಿನ ಪಾಲನೆ, ಎಣ್ಣೆಸ್ನಾನದಂತೆ. ‘ಮದ್ದು’ ಎಂದು ಕೇಳಿದರೆ ತೊಡಕು ಇನ್ನೂ ಹೆಚ್ಚು: ಆ ಪದಕ್ಕೆ ಯಾರೋ ಕೇಡು ಬಯಸಿ ಅನ್ನದಲ್ಲಿ ಹಾಕಿಸಿದ್ದು ಎಂಬ ಅರ್ಥವೂ ಇರುವುದರಿಂದ ಕೇಳಿಸಿಕೊಂಡವರು ಬೆಚ್ಚುತ್ತಾರೆ. ಮರಾಠಿಯ ಕಾಢಾ, ಕನ್ನಡದ ಕಷಾಯಗಳು ಕುದಿಸಿದ್ದನ್ನು ಮಾತ್ರ ಹೇಳುತ್ತವೆ. ತೇದದ್ದು ಅವುಗಳಲ್ಲಿ ಸೇರದು. ಬೈದು ಬಿಡುತ್ತಾರೆಂಬ ಅಂಜಿಕೆಯೂ ಕೂಡಿಕೊಂಡರೆ ಮೌನ ಪೂರ್ಣವಾಗುತ್ತದೆ. ನೇಸರಿಯ ಕುಟುಂಬಕ್ಕೆ ಕೊಲ್ಹಾಪುರ, ಬೆಳಗಾವಿಗಳೂ ಕಸಿಯಂಥ ಚಿಕಿತ್ಸೆಗೆ ಪುಣೆ, ಮುಂಬಯಿ, ಬೆಂಗಳೂರುಗಳೂ ಆಶ್ರಯ. ಮನೆಯಲ್ಲಿ ಕನ್ನಡ, ವಾರ್ಡಿನಲ್ಲಿ ಮರಾಠಿ ಅಥವಾ ಹಿಂದಿ, ಕಡತದಲ್ಲಿ ಇಂಗ್ಲಿಷ್. ಈ ಮೂರು ಮೆಟ್ಟಿಲುಗಳಲ್ಲಿ ಸಾಣೆಕಲ್ಲು ಎಲ್ಲೋ ಉಳಿದುಬಿಡುತ್ತದೆ.

ಆದ್ದರಿಂದ ಪ್ರಶ್ನೆಯನ್ನು ವರ್ಗದ ಹೆಸರಿನಿಂದ ಕೇಳದೆ ಕ್ರಿಯೆಯ ಹೆಸರಿನಿಂದ ಕೇಳುವುದು ಲೇಸು. ‘ಏನನ್ನಾದರೂ ತೇದು ನೆಕ್ಕಿಸಿದ್ದೀರಾ? ಕುದಿಸಿ ಕುಡಿಸಿದ್ದೀರಾ? ಹೊಟ್ಟೆಗೆ ಹಚ್ಚಿದ್ದೀರಾ? ಯಾರು ತೇದರು, ಎಷ್ಟು ಸುತ್ತು?’ ಇಂಥ ಪ್ರಶ್ನೆಗಳಲ್ಲಿ ದೂಷಣೆ ಇಲ್ಲ, ಉತ್ತರಿಸಲು ಎಡೆ ಇದೆ. ಆ ವಸ್ತುವನ್ನೇ ತಂದು ತೋರಿಸುವಂತೆ ಹೇಳಿದರೆ ತಿರಫಳ, ತ್ರಿಫಳಾಗಳ ಗೊಂದಲ ಅಲ್ಲಿಯೇ ತೀರುತ್ತದೆ.

ಭಾಷಾ ಅಧ್ಯಯನಕ್ಕೆ ಇಲ್ಲಿ ಖಚಿತವಾದ ಕೆಲಸವಿದೆ. ಗಡಿಭಾಗದ ಮೂಲಿಕೆಗಳ ಹೆಸರುಗಳನ್ನು ಊರಿನ ಹೆಸರಿನೊಂದಿಗೆ ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಅಕ್ಕಪಕ್ಕ ಇಡುವುದು. ಪ್ರತಿ ಹೆಸರಿಗೂ ಸಸ್ಯದ ಮಾದರಿಯನ್ನು ತಜ್ಞರಿಂದ ಗುರುತಿಸಿ ಕೂಡಿಸುವುದು. ಹಸಿ, ಒಣ, ಹುರಿದ, ಬೇಯಿಸಿದ ರೂಪಗಳಿಗೆ ಬೇರೆಬೇರೆ ದಾಖಲೆ ಮಾಡುವುದು. ಸುತ್ತು, ವೇಢೆ, ಚಿಟಿಕೆಗಳನ್ನು ತೂಗಿ ನೋಡಿ ಅವುಗಳ ವ್ಯಾಪ್ತಿಯನ್ನು ಬರೆಯುವುದು. ಪದಕೋಶಗಳು ‘ಒಂದು ಬಗೆಯ ಕಾಯಿ’ ಎಂದು ಬಿಟ್ಟ ಜಾಗಗಳನ್ನು ತುಂಬುವ ದುಡಿಮೆ ಇದು. ಜಪಾನ್ ತನ್ನ ಔಷಧಕೋಶದಲ್ಲಿ ಮೊದಲು ಮಾಡಿದ್ದು ಇಂಥದ್ದನ್ನೇ: ಯಾವ ಹೆಸರು ಯಾವ ವಸ್ತುವಿನದು ಎಂಬುದನ್ನು ಕಟ್ಟಿನಿಟ್ಟಾಗಿ ಬರೆದಿಟ್ಟಿತು. ಗುಣವುಂಟೇ, ಹಾನಿಯುಂಟೇ ಎಂಬ ವೈದ್ಯರ ಪರೀಕ್ಷೆ ಅದರ ನಂತರದ್ದು. ಜುಮ್ಮನಕಾಯಿಗೆ ಮುಂದೆ ಎಂದಾದರೂ ಅಂಥ ಪರೀಕ್ಷೆ ನಡೆಯಬಹುದು, ನಡೆಯದೆಯೂ ಇರಬಹುದು. ಹೆಸರುಗಳ ಪಟ್ಟಿಯಾದರೋ ಈಗಲೇ ಬೇಕು. ಕಸಿಯಾದ ಮಗುವಿನ ತಾಯಿ ತನ್ನ ಮನೆಮಾತಿನಲ್ಲಿ ಹೇಳಿದ್ದನ್ನು ಕಡತ ತುಂಬುವವರು ಸರಿಯಾಗಿ ಬರೆದುಕೊಳ್ಳಲು ಅದು ನೆರವಾಗುತ್ತದೆ.